ಚಾಚಿದ ಕಾಲು

ಮಾಲಿಂಗಪ್ಪ ಎರಡೂ ಕೈ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಮೊಣಕಾಲು ಬಗ್ಗಲಿಲ್ಲ.

“ಇನ್ನೊಬ್ಬರು ಬರ್ರಿ ಇಲ್ಲಿ, ತೊಡಿ ಹಿಡೀರಿ,” ಎಂದರು ಏದುಸಿರು ಬಿಡುತ್ತ. “ಇದ್ದಾಗೂ ಹಟಮಾರಿ. ಈಗೂ ಹಟಾನ ಮಾಡಾಕತ್ತಾನ ನೋಡ್ರಿ.”

ಜಯಪಾಲ ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಮೂಡಲಗಿಯಿಂದ ಘಟಪ್ರಭೆಯವರೆಗೆ ಗಾಡಿ ಹೊಡೆದುಕೊಂಡು ಬರುವಾಗ ಅವನು ತನಗೆ ತಾನೇ ಒಂದು ಮಾತು ಹೇಳಿಕೊಂಡಿದ್ದ: ಅಳಬಾರದು. ಐವತ್ತೈದರ ಗಂಡಸು, ಬೀಜ-ಗೊಬ್ಬರದ ಅಂಗಡಿಯ ಸಾವುಕಾರ, ಮಂದಿಯ ಮುಂದೆ ಅತ್ತರೆ ಚೆನ್ನಾಗಿರುವುದಿಲ್ಲ. ಆದರೆ ಪಡಸಾಲೆಯಲ್ಲಿ ನಡೆಯುತ್ತಿದ್ದುದನ್ನು ನೋಡಿ ಅಳುವುದೇ ಮರೆತುಹೋಯಿತು.

ಗೆಳೆಯ ಶಿದ್ಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಮೈ ವಾಲದಂತೆ ಎದೆಗೊಂದು ಬಿಳಿ ಧೋತರ ಸುತ್ತಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಎಡಗಾಲು ಹೇಳಿದ ಮಾತು ಕೇಳಿ ಮಡಿಚಿಕೊಂಡಿತ್ತು. ಬಲಗಾಲು ಮಾತ್ರ ನೆಟ್ಟಗೆ ಮುಂದೆ ಚಾಚಿಕೊಂಡು, ಬಂದವರಿಗೆಲ್ಲ ಅಡ್ಡವಾಗಿ ಹೊಸ್ತಿಲಿನತ್ತ ಹಿಮ್ಮಡಿ ಮಾಡಿತ್ತು. ಮೂವತ್ತು ವರ್ಷದಿಂದ ಅದು ಹಾಗೇ ಇತ್ತು.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಕುಣಿಯಲ್ಲಿ ಇಳಿಸಿ ಮಣ್ಣು ಕೊಡುತ್ತಾರೆ. ಅಪ್ಪ, ಅಜ್ಜ ಎಲ್ಲರೂ ಹಾಗೇ ಕೂತು ಹೋದವರು.

“ಅಜ್ಜಾ, ಅದು ಬಗ್ಗೂದಿಲ್ಲ,” ಎಂದಳು ಶಿದ್ಲಿಂಗಪ್ಪನ ಮಗಳು ಮಾಯಾ. ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಅತ್ತು ಅತ್ತು ದನಿ ಬಿದ್ದುಹೋಗಿತ್ತು. “ಮ್ಯಾಲಿನ ಎಲುಬು ತಳಗಿನ ಎಲುಬು ಕೂಡಿ ಒಂದ ಆಗ್ಯಾವು. ಒತ್ತಿದ್ರ ಮುರೀತೈತಿ ಅಷ್ಟ.”

“ಮುರೀಲಿ ಬಿಡವ್ವಾ. ಅವಂಗೀಗ ನೋವ ಆಕ್ಕೈತೇನು?” ಮಾಲಿಂಗಪ್ಪನ ಕಣ್ಣೂ ಒದ್ದೆಯಾಗಿತ್ತು. ತಂದೆಯಿಲ್ಲದ ಶಿದ್ಲಿಂಗಪ್ಪನನ್ನು ಸಾಕಿದ ಕಾಕಾ ಅವರು. “ಅವರಪ್ಪನ್ನ ನಾನ ಈ ಕೈಲೆ ಕುಂದ್ರಿಸೇನಿ. ಇವನ್ನೂ ಹಂಗ ಚಂದಂಗ ಕುಂದ್ರಸ್ತೇನಿ. ಕಾಲ ಚಾಚಿ ಕಳಿಸಿದ್ರ ನಾಕ ಮಂದಿ ಏನಂದಾರು? ಧುಪದಾಳ ದಾರಿ ಹೊಲದಾಗ ಕುಣೀನೂ ಅಳತಿ ಹಿಡದು ತೋಡಿ ಮುಗಸ್ಯಾರ. ಬಿಸಿನೀರ ಕಾಸ್ರಿ. ನೀರ ಹಾಕಿ ತಿಕ್ಕೂಣು. ಆಗಲಿಲ್ಲಂದ್ರ ನಾಕ ಮಂದಿ ಕೂಡಿ ಮಡಚೂದು. ಅಯ್ಯನೋರು ಬರೂದ್ರಾಗ ಮುಗೀಬೇಕು.”

ಹಿತ್ತಲಲ್ಲಿ ಒಲೆಗೆ ಹಂಡೆ ಏರಿತು.

ಬೇಡವೆನ್ನಲು ಜಯಪಾಲ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಸರಿದ. ಅವನು ಜೈನರವನು, ಅವರದು ಸುಡುವ ಪದ್ಧತಿ. ಇನ್ನೊಬ್ಬರ ಮಣ್ಣಿನ ವಿಷಯದಲ್ಲಿ ಬೆರಳು ತೂರಿಸಲು ಅವನ್ಯಾರು? ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಆ ಕಾಲನ್ನು ಒಮ್ಮೆ ಹಾಳು ಮಾಡಿದವನು ಅವನೇ. ಅದು ಅವನಿಗೊಬ್ಬನಿಗೇ ಗೊತ್ತು.

ಅಂಗಳದಲ್ಲಿ ಸ್ಟೇಷನ್ ಕಡೆಯ ಮಂದಿ ನಿಂತಿದ್ದರು. ಘಟಪ್ರಭಾ ಸ್ಟೇಷನ್ ಮುಂದಿನ ಗಾಡಿ ಸ್ಟ್ಯಾಂಡನ್ನು ಶಿದ್ಲಿಂಗಪ್ಪ ಇಪ್ಪತ್ತೇಳು ವರ್ಷ ನೋಡಿಕೊಂಡಿದ್ದ. ಇವತ್ತು ನಸುಕಿನಲ್ಲೂ ಬೀಗ ತೆಗೆದು, ಸ್ಟೂಲಿನ ಮೇಲೆ ಕೂತು, ಕಾಲು ಚಾಚಿ, ಹಾಗೇ ಹೋಗಿಬಿಟ್ಟಿದ್ದ. ಮೊದಲ ರೈಲಿನ ಮಂದಿ ನಿದ್ದೆ ಮಾಡುತ್ತಿದ್ದಾನೆಂದುಕೊಂಡು ಗಾಡಿ ನಿಲ್ಲಿಸಿ ಹೋದರು.

“ನನಗ ಆಗ ಸಂಶೇ ಬರಬೇಕಾಗಿತ್ರಿ,” ಎನ್ನುತ್ತಿದ್ದ ಹೆಲ್ಮೆಟ್ ಹಿಡಿದ ಅಶೋಕ. ಅವನು ದಿನಾ ರೈಲಿನಲ್ಲಿ ಬೆಳಗಾವಿಗೆ ಹೋಗಿ ಬರುವವನು, ಇವತ್ತು ಸುದ್ದಿ ಕೇಳಿ ಅರ್ಧ ದಾರಿಯಿಂದಲೇ ಹಿಂತಿರುಗಿದ್ದ. “ಗಾಡಿ ಅಲ್ಲಿ ಹಚ್ಚು, ಇಲ್ಲಿ ಹಚ್ಚಬ್ಯಾಡ ಅಂತ ಒಂದ ಮಾತಾಡಲಿಲ್ಲ. ನಾ ಐದೂ ನಲವತ್ತಕ್ಕ ಹೊಳ್ಳಿ ಬರಾಂವ, ನನ್ನ ಗಾಡಿ ಮುಂದ. ರಾತ್ರಿ ರೈಲಿನವರದು ಹಿಂದ. ಯಾರು ಯಾವಾಗ ಬರ್ತಾರ, ಯಾರಿಗಿ ಯಾವ ಸಂದಿ, ಎಲ್ಲಾ ತಲ್ಯಾಗ ಇರತಿತ್ತು. ಇವತ್ತ ಮಂದಿ ತಿಳದಂಗ ಹಚ್ಚಿ ಹೋಗ್ಯಾರ. ಸಂಜೀಕ ಒಂದ ಗಾಡಿ ಹೊರಗ ಬರೂದಿಲ್ಲ ಬಿಡ್ರಿ.”

“ಚಾಚಿದ ಕಾಲ ದಾಟಾಕ ಹ್ವಾದ್ರ ಮಾತ್ರ ಬಿಡ್ತಿದ್ದಿಲ್ಲ,” ಎಂದರು ಇನ್ನೊಬ್ಬರು. “‘ದಾಟಬ್ಯಾಡ್ರಿ, ಸುತ್ತಿ ಬರ್ರಿ.’ ತಹಶೀಲ್ದಾರ ಇದ್ರೂ ಅಷ್ಟ, ಹಮಾಲ ಇದ್ರೂ ಅಷ್ಟ.”

ಸಾವಿನ ಮನೆಯ ಅಂಗಳದಲ್ಲಿ ಸಣ್ಣಗೆ ನಗೆ ಹಾದುಹೋಯಿತು. ಜಯಪಾಲನಿಗೆ ಅದು ಎದೆಗೆ ತಾಗಿತು. ಹಿತ್ತಲಿನಿಂದ ಹೊಗೆ ಬರುತ್ತಿತ್ತು. ನೀರು ಕಾಯಲು ಎಷ್ಟು ಹೊತ್ತು ಬೇಕು?

*

ತೊಂಬತ್ತನಾಲ್ಕರಲ್ಲಿ ಗೋಕಾಕದ ಮೈದಾನದಲ್ಲಿ ಒಂದು ಫುಟ್‌ಬಾಲ್ ಪಂದ್ಯ. ಚೆಂಡಿನ ಹಿಂದೆ ಓಡುವವರು ಇಪ್ಪತ್ತೊಂದು ಮಂದಿ. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಹೋಗಿ ನಿಲ್ಲುವವನು ಒಬ್ಬ. ಅವನು ನಟ್ಟನಡುವೆ ಆಡುವ ಶಿದ್ಲಿಂಗಪ್ಪ. ಗೋಲು ಹೊಡೆದದ್ದು ಕಡಿಮೆ. ಆದರೆ ಗೋಲು ಹೊಡೆದವನ ಕಾಲಿಗೆ ಚೆಂಡು ಕೊಟ್ಟವನಾರು ಎಂದು ಕೇಳಿದರೆ ಹತ್ತಕ್ಕೆ ಎಂಟು ಸಲ ಅವನೇ. ಎದುರಿಗೆ ಬೇರೆಯವರಿಗೆ ಬರೀ ಕಾಲುಗಳು ಕಂಡರೆ ಅವನಿಗೆ ಅವುಗಳ ನಡುವಿನ ಸಂದಿ ಕಾಣುತ್ತಿತ್ತು. ಗೋಲಿನಲ್ಲಿ ನಿಂತವನು ಜಯಪಾಲ. ಅವನ ಬಗ್ಗೆ ಹೆಚ್ಚು ಹೇಳದಿರುವುದೇ ಅವನಿಗೆ ಮಾಡುವ ಉಪಕಾರ.

ಪಂದ್ಯ ಮುಗಿದ ಮೇಲೆ ಕೊಲ್ಲಾಪುರದ ಸಂಘವೊಂದರ ಯಜಮಾನ ರಾವಸಾಹೇಬರು ಬಂದರು. ಅಲ್ಲಿ ಪೇಟೆಗೊಂದು ತಾಲೀಮು ಎಂಬ ಗರಡಿಮನೆ, ತಾಲೀಮಿಗೊಂದು ಫುಟ್‌ಬಾಲ್ ಸಂಘ, ಪಂದ್ಯವಿದ್ದರೆ ಊರೇ ಬಾಗಿಲು ಹಾಕುತ್ತದೆ. ಅವರು ಮರಾಠಿಯಲ್ಲಿ ಶಿದ್ಲಿಂಗಪ್ಪನನ್ನು ಕೇಳಿದರು: ನಮ್ಮ ಕಡೆ ಆಡುತ್ತೀಯಾ? ಶಿದ್ಲಿಂಗಪ್ಪ ಕಲ್ಲಿನ ಹಾಗೆ ನಿಂತ. ಆಮೇಲೆ ಜಯಪಾಲನತ್ತ ತಿರುಗಿದ.

“ಏನಂತಾರೋ ಜಯಾ?”

ಜಯಪಾಲ ಹೇಳಿದ. ಶಿದ್ಲಿಂಗಪ್ಪ ಕನ್ನಡದಲ್ಲಿ ಉತ್ತರ ಕೊಟ್ಟ, ಜಯಪಾಲ ಮರಾಠಿ ಮಾಡಿದ. ನಾಲ್ಕು ಸಲ ಹೀಗಾದ ಮೇಲೆ ರಾವಸಾಹೇಬರಿಗೆ ನಗು ಬಂತು. ಇವನ ನಾಲಿಗೆ ನಿನ್ನ ಬಾಯಲ್ಲಿದೆ, ನೀನೂ ಬಾ ಮಾರಾಯ, ಮೂರನೇ ಗೋಲ್‌ಕೀಪರ್ ಎಂದು ಬರೆದುಕೊಳ್ಳುತ್ತೇನೆ ಎಂದರು.

ಜಯಪಾಲನ ಬದುಕಿನಲ್ಲಿ ಅಂಥ ನಾಲ್ಕು ತಿಂಗಳು ಮತ್ತೆ ಬರಲಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಖೋಲಿ, ಮೈಗೆಲ್ಲ ಜೋಳದ ಹಿಟ್ಟು. ಸಂಜೆ ಪೇಟೆಯಲ್ಲಿ ಹೋದರೆ ಅಂಗಡಿಯವರು ಶಿದ್ಲಿಂಗಪ್ಪನನ್ನು ಕರೆದು ಮಾತಾಡಿಸುವರು, ಜಯಪಾಲ ಅದನ್ನೆಲ್ಲ ಕನ್ನಡ ಮಾಡಿ ಹೇಳುವನು, ಹೊಗಳಿಕೆಯನ್ನು ಸ್ವಲ್ಪ ಹೆಚ್ಚೇ ಹಾಕಿ. ಆಡಿದ ಐದು ಪಂದ್ಯಗಳಲ್ಲಿ ನಾಲ್ಕನ್ನು ಸಂಘ ಗೆದ್ದಿತು. ಆರನೆಯದರ ಮುಂಚೆ, ಬರೀ ಅಭ್ಯಾಸದ ಹೊತ್ತಿನಲ್ಲಿ, ಯಾರೂ ತಾಗದೆ ಶಿದ್ಲಿಂಗಪ್ಪನ ಮೊಣಕಾಲು ತಿರುಗಿತು.

ಡಾಕ್ಟರು ಕಾಲು ಎತ್ತಿ, ಇಳಿಸಿ, ಅಲ್ಲಾಡಿಸಿ ನೋಡಿದರು. ಮರಾಠಿಯಲ್ಲಿ ಜಯಪಾಲನಿಗೆ ಹೇಳಿದರು: ಆರು ತಿಂಗಳು ನೆಲಕ್ಕೆ ಭಾರ ಹಾಕಬಾರದು. ಅದಕ್ಕೆ ಮುಂಚೆ ಆಡಿದರೆ ಕಾಲು ಹೋಯಿತೆಂದೇ ತಿಳಿದುಕೊಳ್ಳಿ.

ಮಂಚದ ಮೇಲಿಂದ ಶಿದ್ಲಿಂಗಪ್ಪ ಕೇಳಿದ, “ಏನಂದ್ರೋ ಜಯಾ?”

ಸೆಮಿಫೈನಲ್‌ಗೆ ಹದಿನೇಳು ದಿನ ಉಳಿದಿತ್ತು. ಆರು ತಿಂಗಳೆಂದರೆ ಸಂಘದವರು ಅವನನ್ನು ಊರಿಗೆ ಕಳಿಸುವರು. ಅವನು ಹೋದ ಮೇಲೆ ನಾಲಿಗೆಗೇನು ಕೆಲಸ? ಜಯಪಾಲನಿಗೆ ಮೂಡಲಗಿಯ ಅಂಗಡಿಯ ಗಲ್ಲಾಪೆಟ್ಟಿಗೆ, ಗೊಬ್ಬರದ ಚೀಲದ ವಾಸನೆ, ಅಪ್ಪನ ಕನ್ನಡಕ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

“ಎರಡ ವಾರ ಅಂತ,” ಎಂದ. “ಪಟ್ಟಿ ಬಿಗದ ಕಟ್ಟಿದ್ರ ಸಾಕಂತ.”

ಶಿದ್ಲಿಂಗಪ್ಪ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಕ್ಕ. “ಅಷ್ಟ ಏನು?”

ರಾವಸಾಹೇಬರಿಗೂ ಜಯಪಾಲ ಅದನ್ನೇ ಹೇಳಿದ.

ಸೆಮಿಫೈನಲ್‌ನಲ್ಲಿ ಕೊನೆಯ ಇಪ್ಪತ್ತು ನಿಮಿಷಕ್ಕೆಂದು ಶಿದ್ಲಿಂಗಪ್ಪನನ್ನು ಒಳಗೆ ಬಿಟ್ಟರು. ಆಡಿದ್ದು ಹನ್ನೊಂದು ನಿಮಿಷ. ಹನ್ನೊಂದನೆಯ ನಿಮಿಷದಲ್ಲಿ ಚೆಂಡು ಬಂತು, ತಲೆಯೆತ್ತಿ ನೋಡಲೂ ಇಲ್ಲ, ಮೂವರ ನಡುವಿನಿಂದ ಹಾಯಿಸಿಬಿಟ್ಟ. ಮುಂದಿನವನು ಬರೀ ಕಾಲು ಮುಟ್ಟಿಸಿದ, ಗೋಲು. ಮೈದಾನದ ಮಂದಿಯೆಲ್ಲ ಗೋಲು ಹೊಡೆದವನ ಕಡೆ ಓಡಿದರು. ಪಕ್ಕದ ಬೆಂಚಿನಲ್ಲಿ ಕೂತ ಜಯಪಾಲನಿಗೆ ಮಾತ್ರ ನಟ್ಟನಡುವೆ ಹುಲ್ಲಿನ ಮೇಲೆ ಬಿದ್ದವನು ಕಂಡ.

ಮೂರು ಆಪರೇಷನ್ ಆದವು. ಕೀವು ತುಂಬಿತು. ಕೊನೆಗೆ ಜೀವ ಉಳಿದರೆ ಸಾಕೆಂದು ಎರಡೂ ಎಲುಬು ಸೇರಿಸಿ ಕಾಲನ್ನು ನೆಟ್ಟಗೆ ಮಾಡಿ ಕಳಿಸಿದರು.

*

“ನೀರ ಕಾದಾವ್ರಿ,” ಎಂದು ಹಿತ್ತಲಿನಿಂದ ಕೂಗು ಬಂತು.

ಮಾಲಿಂಗಪ್ಪ ಧೋತರ ಎತ್ತಿ ಕಟ್ಟಿದರು. ನಾಲ್ವರು ಗಂಡಸರು ಒಳಗೆ ಬಂದರು. ಒಬ್ಬ ತೊಡೆ ಹಿಡಿದ, ಒಬ್ಬ ಹಿಮ್ಮಡಿ ಹಿಡಿದ. ಮಾಯಾ ಗೋಡೆಯತ್ತ ಮುಖ ತಿರುಗಿಸಿದಳು. ಶಿದ್ಲಿಂಗಪ್ಪನ ಹೆಂಡತಿ ಸುಂದ್ರವ್ವ ಮುಂಜಾನೆಯಿಂದ ಗಂಡನ ಬಲಗಡೆ ಕೂತೇ ಇದ್ದಳು. ಅವಳ ಕೈ ಆ ಮೊಣಕಾಲಿನ ಮೇಲಿತ್ತು, ತೆಗೆಯಬೇಕೋ ಬೇಡವೋ ತಿಳಿಯದ ಹಾಗೆ.

“ಬಿಡ್ರಿ!” ಎಂದ ಜಯಪಾಲ.

ತನ್ನ ದನಿ ಅಷ್ಟು ದೊಡ್ಡದಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

“ಸಾವುಕಾರ್ರ, ಇದು ನಮ್ಮ ಮಂದೀ ಪದ್ಧತಿ,” ಎಂದರು ಮಾಲಿಂಗಪ್ಪ, ಸಿಟ್ಟಿಲ್ಲದೆ.

“ಪದ್ಧತಿ ನಿಮ್ಮದು ಕಾಕಾ. ಆ ಕಾಲ ನಂದು.” ಅಳಬಾರದೆಂದದ್ದೆಲ್ಲ ನೀರಲ್ಲಿ ಹೋಯಿತು. “ಡಾಕ್ಟರ ಆರ ತಿಂಗಳ ಅಂದಿದ್ರು. ನಾ ಎರಡ ವಾರ ಅಂತ ಸುಳ್ಳ ಹೇಳಿದ್ನಿ. ಅವಂಗ ಮರಾಠಿ ಬರ್ತಿದ್ದಿಲ್ಲ, ನನ್ನ ಮಾತ ನಂಬಿ ಆಡಾಕ ಇಳದ. ನನ್ನ ಸಂಬಂಧ, ನನಗ ಅಲ್ಲೇ ಇರಬೇಕಾಗಿತ್ತು ಅಂತ. ಒಮ್ಮಿ ಮುರದೇನಿ ಅವನ ಕಾಲ. ಎರಡನೇ ಸಲ ಮುರೀಬ್ಯಾಡ್ರಿ. ಕೈ ಮುಗೀತೇನಿ.”

ಹಿಮ್ಮಡಿ ಹಿಡಿದವನು ಕೈ ಬಿಟ್ಟ. ಜಯಪಾಲ ಸುಂದ್ರವ್ವನ ಮುಖ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿದ. ಇಪ್ಪತ್ತೇಳು ವರ್ಷ ಪ್ರತಿ ಗುರುವಾರ ಅಂಗಡಿ ಬಿಟ್ಟು ಬಂದು, ಸ್ಟ್ಯಾಂಡಿನಲ್ಲಿ ಸ್ಟೂಲಿನ ಪಕ್ಕ ಕೂತು, ಚಹಾ ಕುಡಿದು, ಮೊಣಕಾಲಿಗೆ ಹಚ್ಚುವ ಎಣ್ಣೆಯದೊಂದು ಶೀಷೆ ಕೊಟ್ಟು ಹೋಗುತ್ತಿದ್ದ. ಇನ್ನು ಈ ಮನೆಯ ಹೊಸ್ತಿಲು ಮುಗಿಯಿತು ಎಂದುಕೊಂಡ.

“ಅಣ್ಣಾರ,” ಎಂದಳು ಸುಂದ್ರವ್ವ. “ಅವರಿಗೆ ಮರಾಠಿ ಬರತಿತ್ತು.”

ಜಯಪಾಲ ತಲೆಯೆತ್ತಿದ.

“ನಮ್ಮತ್ತೀ ತವರಮನಿ ಯಮಕನಮರಡಿ. ಸಾಲಿ ಸೂಟಿ ಬಿಟ್ರ ಇವರು ಅಲ್ಲೇ. ಓಣ್ಯಾಗ ಆಜೂಬಾಜೂ ಎಲ್ಲಾ ಮರಾಠಿ ಮಂದಿ. ನಿಮಗಿಂತ ಚಂದ ಮಾತಾಡತಿದ್ರು. ಗುರುವಾರ ನೀವು ಇದ್ದಾಗ ಮಿರಜ ಕಡೀ ಮಂದಿ ಬಂದ್ರ ನಿಮ್ಮ ಮಾರಿ ನೋಡತಿದ್ರು, ನೀವು ಕನ್ನಡ ಮಾಡಿ ಹೇಳತಿದ್ರಿ. ನೀವ ಹ್ವಾದ ಮ್ಯಾಲ ಅದ ಮಂದೀನ ಮರಾಠಿಯಾಗ ಬೈದ ಕಳಸ್ತಿದ್ರು.”

ಮಾಯಾ ಅಳುತ್ತಿದ್ದವಳು ಫಕ್ಕನೆ ನಕ್ಕಳು, ಸೆರಗು ಬಾಯಿಗಿಟ್ಟುಕೊಂಡಳು.

“ಮತ್ತ... ರಾವಸಾಹೇಬರ ಮುಂದ ಯಾಕ—”

“ಒಬ್ಬರ ಹೋಗಾಕ ಅಂಜಿಕಿ ಬಂದಿತ್ತಂತ್ರಿ. ಮರಾಠಿ ಬರೂದಿಲ್ಲ ಅಂದ್ರ ನಿಮ್ಮನ್ನೂ ಕರಕೊಂಡ ಹೊಕ್ಕಾರ ಅಂತ. ಸಿಟ್ಟ ಆಗಬ್ಯಾಡ್ರಿ ಅಣ್ಣಾರ, ನಿಮ್ಮ ಗೋಲಕೀಪರಕಿ ನೋಡಿ ಯಾರ ಕರಕೊಂಡ ಹೊಕ್ಕಿದ್ರು?” ಸುಂದ್ರವ್ವನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ತುಟಿಯಲ್ಲಿ ನಗೆ ಇತ್ತು. “ಡಾಕ್ಟರ ಅಂದದ್ದೂ ಅವರ ಕಿವೀಲೆ ಕೇಳಿದ್ರು. ಆರ ತಿಂಗಳು, ಕಾಲ ಹೊಕ್ಕೈತಿ ಅಂತ. ‘ಜಯಾ ಖರೇ ಹೇಳಿದ್ರೂ ನಾ ಆಡಾವನ ಇದ್ದೆ. ಅಂವಾ ಸುಳ್ಳ ಹೇಳಿದ್ದ ಬೇಸ ಆತು, ವಾದ ಮಾಡೂದ ತಪ್ಪಿತು,’ ಅಂತಿದ್ರು.”

“ನನಗ್ಯಾಕ ಹೇಳಲಿಲ್ಲ ವೈನಿ?” ಜಯಪಾಲನ ದನಿಯಲ್ಲಿ ಸಿಟ್ಟೂ ಇತ್ತು. “ಮೂವತ್ತ ವರ್ಷ!”

ಸುಂದ್ರವ್ವ ಗಂಡನ ಮೊಣಕಾಲನ್ನು ಸವರಿದಳು. “ನಾನೂ ಕೇಳಿದ್ನಿರಿ, ಪಾಪ ಎಣ್ಣಿ ತಂದು ತಂದು ಸಾಯಾಕತ್ತಾರ, ಹೇಳಬಾರದೇನ ಅಂತ. ‘ಹೇಳಿದ್ರ ಅಂವಾ ಗುರುವಾರ ಬರೂದ ಬಿಟ್ಟಾನು ಸುಂದ್ರಾ’ ಅಂದ್ರು.”

ಜಯಪಾಲ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮಂದಿಯ ಮುಂದೆ, ಸಣ್ಣ ಹುಡುಗನ ಹಾಗೆ, ದನಿ ತೆಗೆದು ಅತ್ತ. ಮಾಲಿಂಗಪ್ಪ ಅವನ ಬೆನ್ನ ಮೇಲೆ ಕೈಯಿಟ್ಟರು.

“ಎಣ್ಣಿ ಹಾಳಾಗಿಲ್ಲ ಬಿಡ್ರಿ,” ಎಂದಳು ಸುಂದ್ರವ್ವ. “ಎಲ್ಲಾ ನಾನ ಹಚ್ಚಿಕೊಂಡೇನಿ. ನನ್ನ ಮೊಣಕಾಲ ಇನ್ನೂ ಗಟ್ಟಿ ಅದಾವು.” ಆಮೇಲೆ ಮಾಲಿಂಗಪ್ಪನ ಕಡೆ ತಿರುಗಿದಳು. “ಮಾವಾ, ಇವರ ಕಾಲ ಹಿಂಗ ಇರಲಿ. ಹಿಂಗಿದ್ದವರನ್ನ ನಾ ಮದಿವ್ಯಾದಾಕಿ. ಹಿಂಗ ಕಳಸೂಣು.”

ಮಾಲಿಂಗಪ್ಪ ಎತ್ತಿ ಕಟ್ಟಿದ್ದ ಧೋತರ ಇಳಿಬಿಟ್ಟರು. “ಅಯ್ಯನೋರು ಒಪ್ಪಬೇಕಲ್ಲವ್ವಾ,” ಎಂದರು.

ಅಯ್ಯನವರು ಎರಡು ಗಂಟೆಗೆ ಬಂದರು. ಬಿಸಿಲಿಗೆ ಬೆವರಿದ್ದರು. ಎಲ್ಲ ಕೇಳಿಸಿಕೊಂಡರು, ನೀರು ಕುಡಿದರು. ಅವರ ಗಾಡಿಯೂ ಶಿದ್ಲಿಂಗಪ್ಪನ ಸ್ಟ್ಯಾಂಡಿನಲ್ಲೇ ನಿಲ್ಲುತ್ತಿತ್ತು.

“ಲಿಂಗ ಇಡೂದು ಅಂಗೈಯಾಗ, ಮೊಣಕಾಲಾಗ ಅಲ್ಲ,” ಎಂದರು. “ಕಾಲ ಸಣ್ಣದ ಮಾಡಾಕ ಬರೂದಿಲ್ಲಂದ್ರ ಕುಣಿ ಉದ್ದ ಮಾಡ್ರಿ. ಅಳತಿ ಯಾರಿಗರ ಗೊತ್ತೈತೇನು?”

“ನನಗ ಗೊತ್ತೈತಿ,” ಎಂದು ಜಯಪಾಲ ಎದ್ದ.

*

ಧುಪದಾಳ ದಾರಿಯ ಹೊಲದಲ್ಲಿ ಕುಣಿ ತೋಡಿದ ಅರ್ಜುನ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ. ಇಸ್ತ್ರಿ ಅಂಗಿಯ ಸಾವುಕಾರರು ಬಂದು ಗುದ್ದಲಿ ಕೇಳಿದ್ದು ಅವನಿಗೆ ತಮಾಷೆಯಾಗಿ ಕಂಡಿತು.

“ನಾ ಕಡೀತೇನಿ ಬಿಡ್ರಿ, ಎಷ್ಟ ಬೇಕು ಹೇಳ್ರಿ.”

“ನೀ ಮಣ್ಣ ಎತ್ತಿ ಹಾಕ,” ಎಂದು ಜಯಪಾಲ ಒಳಗಿಳಿದ.

ಕುಣಿ ಚೌಕಾಗಿತ್ತು. ಒಂದು ಗೋಡೆಯಲ್ಲಿ ಕೂರಿಸಲು ಗೂಡು ಕೊರೆದಿದ್ದರು. ಜಯಪಾಲ ಮೊದಲು ತಾನೇ ಗೂಡಿನಲ್ಲಿ ಬೆನ್ನು ಕೊಟ್ಟು ಕೂತ, ಬಲಗಾಲು ಚಾಚಿದ. ಹಿಮ್ಮಡಿ ಎದುರಿನ ಗೋಡೆಗೆ ತಾಗಿತು. ಶಿದ್ಲಿಂಗಪ್ಪ ಅವನಿಗಿಂತ ಒಂದು ಗೇಣು ಎತ್ತರ. ಸ್ಟೂಲಿನ ಪಕ್ಕ ಕೂತು ಕೂತು ಆ ಕಾಲು ಎಲ್ಲಿಯವರೆಗೆ ಬರುತ್ತದೆಂಬುದು ಅವನ ಕಣ್ಣಿಗೆ ಪಾಠವಾಗಿತ್ತು. ಗುರುತು ಹಾಕಿಕೊಂಡು ಕಡಿಯತೊಡಗಿದ.

“ಮಗನ,” ಎಂದ, ಒಂದು ಏಟು. “ಮರಾಠಿ ಬರೂದಿಲ್ಲಂತ,” ಇನ್ನೊಂದು ಏಟು. “ಮೂವತ್ತ ವರ್ಷ ನನ್ನ ಕಡೆ ಕನ್ನಡ ಮಾಡಿಸಿದೆಲ್ಲಲೇ!” ಕರಿಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿಯೂ ಇತ್ತು. ಎರಡರಲ್ಲಿ ಯಾವುದರಿಂದ ಗುದ್ದಲಿ ಏಳುತ್ತಿದೆಯೆಂದು ಅವನಿಗೆ ತಿಳಿಯಲಿಲ್ಲ. ಅರ್ಜುನ ಬೀಡಿ ಆರಿಸಿ ಮಣ್ಣು ಎತ್ತಿ ಹಾಕತೊಡಗಿದ. ಅಂಗೈಯಲ್ಲಿ ಗುಳ್ಳೆ ಎದ್ದವು. ಕೊನೆಗೆ, ಹಿಮ್ಮಡಿ ಬರುವ ಜಾಗದಲ್ಲಿ ಉಳಿದ ಹರಳುಗಳನ್ನೆಲ್ಲ ಬೆರಳಿನಿಂದ ಆರಿಸಿ ತೆಗೆದು, ಮೆತ್ತನೆ ಮಣ್ಣು ಹಾಸಿದ.

ನಾಲ್ಕಕ್ಕೆ ಹಲಗೆ ಬಾರಿಸುತ್ತ ಮೆರವಣಿಗೆ ಬಂತು. ಶಿದ್ಲಿಂಗಪ್ಪನನ್ನು ಇಳಿಸಿದರು. ಬೆನ್ನು ಗೂಡಿಗೆ ಸರಿಯಾಗಿ ಕೂತಿತು. ಕಾಲು ತನ್ನ ಜಾಗಕ್ಕೆ ಹೋಯಿತು, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಯ್ಯನವರು ವಿಭೂತಿ, ಪತ್ರಿ ಹಾಕಿ ಮಂತ್ರ ಹೇಳಿದರು. ಮಂದಿ ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಜಯಪಾಲ ಗುಳ್ಳೆ ಒಡೆದ ಕೈಯಿಂದಲೇ ಮೂರು ಹಿಡಿ ಹಾಕಿದ.

ಕೂತ ಜಾಗದ ಮೇಲೆ ಮಣ್ಣು ಒಟ್ಟಿ ದಿಬ್ಬ ಮಾಡಿದರು. ಕಾಲಿನ ಮೇಲಿನ ನೆಲ ಮಾತ್ರ ಸಪಾಟಾಗಿ ಉಳಿಯಿತು, ದಾರಿಗೆ ಅಡ್ಡವಾಗಿ. ನೀರು ಚಿಮುಕಿಸಿದ ಮೇಲೆ ಸುತ್ತಲಿನ ಹೊಲಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

“ಮುಂದಿನ ಗುರುವಾರ?” ಎಂದಳು ಸುಂದ್ರವ್ವ, ಜಯಪಾಲನನ್ನು ನೋಡದೆ.

“ಬರ್ತೇನ್ರಿ ವೈನಿ. ನಿಮ್ಮ ಮೊಣಕಾಲಿಗರ ಎಣ್ಣಿ ಬೇಕಲ್ಲ.”

ಮಂದಿ ಹೊರಟರು. ಅಶೋಕ ಹೆಲ್ಮೆಟ್ ಹಿಡಿದು ಅವಸರದಲ್ಲಿ ಮುಂದೆ ಬಂದವನು, ಆ ಸಪಾಟು ನೆಲದ ಹತ್ತಿರ ಬಂದು, ನಿಂತು, ಬದಿಗೆ ಸರಿದು ಸುತ್ತಿ ಹೋದ. ಅವನ ಹಿಂದಿನವರೂ ಸುತ್ತಿದರು. ಅಯ್ಯನವರು ಸುತ್ತಿದರು. ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಕೋಲೂರುತ್ತ ಮಾಲಿಂಗಪ್ಪ ಬಂದರು. ಮುಂದಿಟ್ಟ ಕೋಲನ್ನು ಗಕ್ಕನೆ ಹಿಂದಕ್ಕೆ ತೆಗೆದುಕೊಂಡು, ನೆಲದತ್ತ ಒಮ್ಮೆ ನೋಡಿ, ಅವರೂ ಸುತ್ತಿ ಬಂದರು.